17 ವೈರಸ್‌ಗಳು: ರಕ್ಷಣೆಯ ವೇಷದ ಜಾಹೀರಾತು ತಂತ್ರಾಂಶದ ಬಗ್ಗೆ ಕೊಟ್ಟ ಎರಡು ಪಾಠ

ತರಗತಿ: 9 (ಕನ್ನಡ ಮಾಧ್ಯಮ)
ಹಾಜರಿದ್ದವರು: 38
ಅವಧಿ: 40 ನಿಮಿಷದ ಎರಡು ಪಾಠಗಳು, ನಡುವೆ ಐದು ದಿನದ ಅಂತರ

ಇಂಟರ್ನ್‌ಶಿಪ್‌ನ ಮೂರನೇ ವಾರ ನಾನು ಕೊಟ್ಟ ಒಂದು ಪಾಠ ಕೆಟ್ಟಿತು. ತರಗತಿಯ ಶಿಸ್ತು ತಪ್ಪಲಿಲ್ಲ, ಸಮಯ ಮೀರಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ ನಿರೂಪಣೆ, ಧ್ವನಿ ಸ್ಪಷ್ಟ’ ಎಂದೇ ಬರೆದಿತ್ತು. ಕೆಟ್ಟಿದ್ದು ಗೊತ್ತಾದದ್ದು ಸಂಜೆ ಬಸ್ಸಿನಲ್ಲಿ ಕೂತು ಮಕ್ಕಳ ಉತ್ತರ ಚೀಟಿಗಳನ್ನು ಎಣಿಸಿದಾಗ.

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಶಾಲೆಯಲ್ಲಿ ಕಂಪ್ಯೂಟರ್ ಅವಧಿಗೆ ಬೇರೆ ಶಿಕ್ಷಕರಿಲ್ಲದ ಕಾರಣ ಆ ಅವಧಿ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬಂದಿತ್ತು. ‘ಅಂತರಜಾಲದಲ್ಲಿ ಸುರಕ್ಷತೆ’ ಎಂಬ ವಿಷಯ ಆರಿಸಿಕೊಂಡೆ. ಚಾರ್ಟಿನಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಒಂಬತ್ತು ‘ಮಾಡಬಾರದು’ಗಳನ್ನು ಬರೆದುಕೊಂಡು ಹೋದೆ. ವೈರಸ್ ಎಲ್ಲೆಲ್ಲೂ ಇದೆ, ಕಳ್ಳರು ಕಾಯುತ್ತಿದ್ದಾರೆ, ರಕ್ಷಣೆ ಇಲ್ಲದ ಕಂಪ್ಯೂಟರ್ ಬಾಗಿಲಿಲ್ಲದ ಮನೆ ಎಂದೆಲ್ಲ ಹೇಳಿದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಕೊನೆಯ ಐದು ನಿಮಿಷದಲ್ಲಿ ಮೌಲ್ಯಮಾಪನಕ್ಕೆ ಒಂದು ಸನ್ನಿವೇಶ ಕೊಟ್ಟೆ: ‘ಒಂದು ಪುಟ ತೆರೆದಾಗ ಹೀಗೆ ಬರುತ್ತದೆ: ಎಚ್ಚರಿಕೆ! ನಿಮ್ಮ ಬ್ರೌಸರ್ ಸುರಕ್ಷಿತವಾಗಿಲ್ಲ. ಈ ಉಚಿತ ರಕ್ಷಣೆಯನ್ನು ಈಗಲೇ ಸೇರಿಸಿ. ನೀವು ಏನು ಮಾಡುವಿರಿ?’

38 ಚೀಟಿಗಳಲ್ಲಿ 29 ‘ತಕ್ಷಣ ಸೇರಿಸುತ್ತೇನೆ’ ಎಂದಿದ್ದವು. ಒಬ್ಬಳಂತೂ ‘ಮಿಸ್ ಹೇಳಿದ ಹಾಗೆ ಬಾಗಿಲು ಹಾಕಿಸುತ್ತೇನೆ’ ಎಂದು ಬರೆದಿದ್ದಳು. ಆ ಚೀಟಿ ಇನ್ನೂ ನನ್ನ ಪಾಠಯೋಜನೆಯ ಪುಸ್ತಕದಲ್ಲಿದೆ.

ಮಕ್ಕಳು ಪಾಠ ಕೇಳಿರಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಕೇಳಿದ್ದರು, ನಂಬಿದ್ದರು, ಅದಕ್ಕೇ ಹಾಗೆ ಬರೆದರು. ನಾನು 35 ನಿಮಿಷ ಹೆದರಿಸಿದ್ದೆ. ಜಾಹೀರಾತು ತಂತ್ರಾಂಶ ಹಂಚುವವರು ಹೂಡುವುದೂ ಅದೇ ಹೆದರಿಕೆಯನ್ನು. ಅವರು ಸೆಕೆಂಡುಗಳಲ್ಲಿ ಮಾಡಬೇಕಾದ ಅರ್ಧ ಕೆಲಸವನ್ನು ನಾನೇ ತರಗತಿಯಲ್ಲಿ ಮುಗಿಸಿ ಕೊಟ್ಟಿದ್ದೆ.

ಇಲ್ಲಿ ನನ್ನದೊಂದು ಹಳೆಯ ಸಂಗತಿ ಹೇಳಬೇಕು. ಬಿ.ಎಸ್ಸಿ. ಮುಗಿದ ಮೇಲೆ, ಬಿ.ಇಡಿ. ಸೇರುವ ಮೊದಲು, ಒಂದೂವರೆ ವರ್ಷ ನಮ್ಮ ತಾಲ್ಲೂಕಿನ ಒಂದು ಸೈಬರ್ ಸೆಂಟರಿನಲ್ಲಿ ಕೆಲಸ ಮಾಡಿದ್ದೆ. ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಪಹಣಿ, ಪರೀಕ್ಷಾ ಫಲಿತಾಂಶ ಎಲ್ಲವೂ ಎರಡೇ ಕಂಪ್ಯೂಟರ್‌ಗಳಲ್ಲಿ ನಡೆಯುತ್ತಿದ್ದವು. ಸ್ಕ್ಯಾನ್ ಮಾಡಿದ ಫೋಟೊ ಪಿಡಿಎಫ್ ಆಗಬೇಕು ಎಂದು ಒಂದು ಉಚಿತ ಪ್ರೋಗ್ರಾಂ ಇಳಿಸಿದೆ. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ನಡುವಿನ ಒಂದು ಪುಟದಲ್ಲಿ ‘ಸುರಕ್ಷಿತ ಬ್ರೌಸಿಂಗ್ ಸೇರಿಸಿ’ ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿತ್ತು. ನಾನು ತೆಗೆಯಲಿಲ್ಲ. ಮರುದಿನದಿಂದ ಹುಡುಕಾಟದ ಪುಟ ಬೇರೆಯಾಯಿತು, ಸರ್ಕಾರಿ ಪೋರ್ಟಲ್ ಹುಡುಕಿದರೆ ಮೊದಲು ಜಾಹೀರಾತುಗಳು ಬರುತ್ತಿದ್ದವು. ಮಾಲೀಕರಿಗೆ ತೋರಿಸಿದೆ. ‘ಸೆಕ್ಯುರಿಟಿ ಅಂತ ಐತಲ್ಲಮ್ಮ, ಇರ್ಲಿ ಬಿಡು’ ಎಂದರು. ನನಗೂ ಹಾಗೇ ಅನ್ನಿಸಿತ್ತು. ಜನ ತಮ್ಮ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಹೇಳುತ್ತಿದ್ದುದನ್ನು ಅದೇ ಬ್ರೌಸರ್‌ನಲ್ಲಿ ಟೈಪ್ ಮಾಡುತ್ತಿದ್ದೆ. ನಾನು ಕೆಲಸ ಬಿಡುವವರೆಗೂ ಅದು ಅಲ್ಲೇ ಇತ್ತು.

ಇದನ್ನು ಮಕ್ಕಳ ಮುಂದೆ ಹೇಳಬೇಕೋ ಬೇಡವೋ ಎಂದು ಮಾರ್ಗದರ್ಶಿ ಉಪನ್ಯಾಸಕರನ್ನು ಕೇಳಿದೆ. ‘ಹೇಳಿ. ಆದರೆ ಎರಡನೇ ಪಾಠದಲ್ಲಿ ಹೇಳುವುದು ಕಡಿಮೆಯಿರಲಿ, ಪರೀಕ್ಷೆ ಮಾಡಿಸುವುದು ಹೆಚ್ಚಿರಲಿ. ನೀವು ವಿಜ್ಞಾನದ ಟೀಚರ್ ಅಲ್ಲವಾ?’ ಎಂದರು.

ಎರಡನೇ ಪಾಠ

ಶಾಲೆಯ ಲ್ಯಾಬಿನಲ್ಲಿ ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಎಂಟು ಕಂಪ್ಯೂಟರ್‌ಗಳಿವೆ, ಆರು ನಡೆಯುತ್ತವೆ. ಆರು ಗುಂಪು ಮಾಡಿದೆ. 5ಇ ಮಾದರಿಯಲ್ಲೇ ಯೋಜನೆ ಬರೆದಿದ್ದೆ. ತರಗತಿ ನಡೆದ ಕ್ರಮ ಮಾತ್ರ ಯೋಜನೆಯ ಕ್ರಮವಲ್ಲ.

ಹಿಂದಿನ ರಾತ್ರಿ ನಾನೇ ಒಂದು ಸುಳ್ಳು ಪುಟ ತಯಾರಿಸಿಕೊಂಡಿದ್ದೆ. ನೋಟ್‌ಪ್ಯಾಡಿನಲ್ಲಿ ಬರೆದ ಸುಮಾರು ಮೂವತ್ತು ಸಾಲಿನ ಎಚ್‌ಟಿಎಂಎಲ್, ಅಷ್ಟೇ. ತೆರೆದರೆ ‘ಸಿ ಡ್ರೈವ್ ಪರೀಕ್ಷಿಸಲಾಗುತ್ತಿದೆ’ ಎಂದು ಹಸಿರು ಪಟ್ಟಿ ಓಡುತ್ತದೆ, ಫೈಲುಗಳ ಹೆಸರು ಸರಸರನೆ ಸರಿಯುತ್ತವೆ, ಕೊನೆಗೆ ಕೆಂಪು ಅಕ್ಷರದಲ್ಲಿ ‘17 ವೈರಸ್‌ಗಳು ಪತ್ತೆ! ರಕ್ಷಣೆ ಸೇರಿಸಿ’ ಎಂದು ಬರುತ್ತದೆ. ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಪೆನ್ ಡ್ರೈವಿನಿಂದ ಆರೂ ಕಂಪ್ಯೂಟರ್‌ಗಳಿಗೆ ಹಾಕಿದೆ. ನಿಜವಾದ ಮೋಸದ ಪುಟವನ್ನು ತರಗತಿಯಲ್ಲಿ ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಠೋಪಕರಣವನ್ನು ನಾವೇ ಮಾಡಿಕೊಂಡರೆ ಅದು ಎಷ್ಟು ಸುಲಭ ಎಂಬುದೂ ಮಕ್ಕಳಿಗೆ ಕಾಣುತ್ತದೆ.

ಪುಟ ಓಡಿತು. ಎರಡು ಗುಂಪಿನವರು ‘ಮಿಸ್, ನಮ್ಮದ್ರಲ್ಲಿ 17 ಐತೆ!’ ಎಂದು ಕೂಗಿದರು. ಮೂರನೆಯ ಗುಂಪಿನವರೂ 17 ಎಂದಾಗ ಲ್ಯಾಬು ಸ್ವಲ್ಪ ಸುಮ್ಮನಾಯಿತು. ನಾನು ಒಂದೇ ಪ್ರಶ್ನೆ ಕೇಳಿದೆ: ‘ಇದು ನಿಜವಾಗಿ ಪರೀಕ್ಷೆ ಮಾಡ್ತಾ ಇದೆಯಾ ಅಂತ ತಿಳಿಯೋಕೆ ಏನನ್ನು ಬದಲಾಯಿಸಿ ನೋಡ್ಬೇಕು?’

ಇಲ್ಲಿಂದ ಹದಿನೈದು ನಿಮಿಷ ನಾನು ಹೆಚ್ಚು ಮಾತಾಡಲಿಲ್ಲ. ಒಂದು ಗುಂಪು ನೆಟ್ ಕೇಬಲ್ ಕಿತ್ತು ನೋಡಿತು: 17. ಇನ್ನೊಂದು ಗುಂಪು ಡೆಸ್ಕ್‌ಟಾಪಿನ ಮೇಲೆ ಹತ್ತು ಹೊಸ ಫೈಲು ಮಾಡಿ ಮತ್ತೆ ಓಡಿಸಿತು: ಅಷ್ಟೇ ಹೊತ್ತು, ಅದೇ 17. ಒಬ್ಬ ಹುಡುಗ ಅದನ್ನು ನನ್ನ ಫೋನಿನಲ್ಲಿ ಹಾಕಿ ನೋಡೋಣ ಎಂದ. ಬ್ಲೂಟೂತ್‌ನಲ್ಲಿ ಕಳಿಸಿ ತೆರೆದೆವು. ಫೋನಿನ ಪರದೆಯ ಮೇಲೂ ‘ಸಿ ಡ್ರೈವ್ ಪರೀಕ್ಷಿಸಲಾಗುತ್ತಿದೆ’ ಎಂದು ಹಸಿರು ಪಟ್ಟಿ ಓಡಿತು. ‘ಮಿಸ್, ಫೋನಲ್ಲಿ ಸಿ ಡ್ರೈವ್ ಎಲ್ಲೈತೆ?’ ಎಂದು ಅವನು ಕೇಳಿದಾಗ ಇಡೀ ಲ್ಯಾಬು ನಕ್ಕಿತು. ಮೊದಲ ಪಾಠದಲ್ಲಿ ಒಮ್ಮೆಯೂ ಯಾರೂ ನಕ್ಕಿರಲಿಲ್ಲ.

ಕೊನೆಗೆ ಪುಟದ ಮೂಲವನ್ನು ತೆರೆದು ತೋರಿಸಿದೆ. ಅಲ್ಲಿ 17 ಎಂಬ ಅಂಕಿ ನಾನು ಟೈಪ್ ಮಾಡಿದ ಹಾಗೇ ಕೂತಿತ್ತು. ಒಬ್ಬಳು ಅದನ್ನು ಅಳಿಸಿ 1700 ಮಾಡಿ ಪಕ್ಕದ ಗುಂಪನ್ನು ಹೆದರಿಸಿ ಬಂದಳು.

ವಿವರಣೆಯ ಹಂತದಲ್ಲಿ ಹೇಳಬೇಕಾದದ್ದು ಸ್ವಲ್ಪವೇ ಇತ್ತು. ಬ್ರೌಸರ್ ಪ್ರತಿಯೊಂದು ಪುಟವನ್ನೂ ಒಂದು ಗೋಡೆಯೊಳಗೆ ಇಟ್ಟು ನಡೆಸುತ್ತದೆ. ನಾವೇ ಆರಿಸಿ ಕೊಟ್ಟದ್ದನ್ನು ಬಿಟ್ಟು ಕಂಪ್ಯೂಟರ್‌ನ ಬೇರೆ ಫೈಲುಗಳನ್ನು ಪುಟ ತಾನಾಗಿ ಓದಲಾರದು. ಹಾಗಾಗಿ ಯಾವ ಜಾಲಪುಟವೂ ತೆರೆದ ಕೂಡಲೇ ‘ನಿಮ್ಮ ಕಂಪ್ಯೂಟರ್ ಪೂರ್ತಿ ನೋಡಿದೆ, ವೈರಸ್ ಇದೆ’ ಎಂದು ಹೇಳಲು ಸಾಧ್ಯವಿಲ್ಲ. ಜಗಲಿಯ ಮೇಲೆ ಕೂತವನು ಅಟ್ಟದಲ್ಲಿ ಹೆಗ್ಗಣ ಇದೆ ಎಂದ ಹಾಗೆ ಎಂದೆ. ಹಿಂದಿನ ಬೆಂಚಿನಿಂದ ‘ಹಿಡಿತೀನಿ ಕೀ ಕೊಡಿ ಅಂತಾನೆ ಆಮೇಲೆ’ ಎಂದು ಉತ್ತರ ಬಂತು. ಎಕ್ಸ್‌ಟೆನ್ಷನ್ ಎಂದರೇನು ಎಂಬುದಕ್ಕೆ ನಾನು ಬರೆದುಕೊಂಡಿದ್ದ ಅರ್ಧ ಪುಟದ ವಿವರಣೆಗಿಂತ ಇದು ಚೆನ್ನಾಗಿತ್ತು. ಪುಟ ಜಗಲಿಯಲ್ಲಿರುತ್ತದೆ. ಎಕ್ಸ್‌ಟೆನ್ಷನ್‌ಗೆ ನಾವು ಬ್ರೌಸರ್‌ನ ಕೀ ಕೊಟ್ಟಿರುತ್ತೇವೆ. ‘ಎಲ್ಲಾ ವೆಬ್‌ಸೈಟ್‌ಗಳಲ್ಲಿ ನಿಮ್ಮ ಎಲ್ಲಾ ಡೇಟಾವನ್ನು ಓದುವುದು ಮತ್ತು ಬದಲಾಯಿಸುವುದು’ ಎಂದು ಅದು ಅನುಮತಿ ಕೇಳಿದಾಗ ಆ ಮಾತಿಗೆ ಅಕ್ಷರಶಃ ಅದೇ ಅರ್ಥ. ಓದಬಹುದು ಎಂದರೆ ನಾವು ಎಲ್ಲೆಲ್ಲಿ ಹೋದೆವೆಂಬ ಪಟ್ಟಿ ಮಾಡಿ ಮಾರಬಹುದು. ಬದಲಾಯಿಸಬಹುದು ಎಂದರೆ ಪುಟದಲ್ಲಿ ಇಲ್ಲದ ಜಾಹೀರಾತು ಸೇರಿಸಬಹುದು, ಹುಡುಕಾಟವನ್ನು ತನಗೆ ಹಣ ಬರುವ ಕಡೆ ತಿರುಗಿಸಬಹುದು. ಉಚಿತವಾಗಿ ಕೊಟ್ಟವರಿಗೆ ಆದಾಯ ಬರುವುದು ಹೀಗೆ.

ಒಂದು ಎಚ್ಚರಿಕೆಯನ್ನು ಸಹಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ‘ಇಷ್ಟೊಂದು ಅನುಮತಿ ಕೇಳಿದರೆ ಅದು ನಕಲಿ’ ಎಂದು ಕಲಿಸಬೇಡಿ. ನನ್ನ ಮೊದಲ ಕರಡಿನಲ್ಲಿ ಆ ತಪ್ಪಿತ್ತು. ಜಾಹೀರಾತು ತಡೆಯುವ ಪ್ರಾಮಾಣಿಕ ಎಕ್ಸ್‌ಟೆನ್ಷನ್‌ಗಳೂ ಇದೇ ಅನುಮತಿಯನ್ನು ಕೇಳುತ್ತವೆ, ಏಕೆಂದರೆ ಪುಟದಿಂದ ಜಾಹೀರಾತು ತೆಗೆಯುವುದೂ ಪುಟವನ್ನು ಬದಲಾಯಿಸುವುದೇ. ಅನುಮತಿಯಿಂದ ಗೊತ್ತಾಗುವುದು ನಂಬಿಕೆ ಕೆಟ್ಟರೆ ನಷ್ಟ ಎಷ್ಟು ದೊಡ್ಡದು ಎಂಬುದು ಮಾತ್ರ.

ಮಕ್ಕಳಿಗೆ ಮೂರು ನಿಜವಾದ ಪ್ರಕರಣಗಳನ್ನು ಕಥೆಯ ಹಾಗೆ ಹೇಳಿದೆ. ಮೂರೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೈಗೆತ್ತಿಕೊಂಡವು. ಬಳಕೆದಾರರಿಗೆ ಮೋಸವಾದರೆ ವಿಚಾರಿಸುವ ಸಂಸ್ಥೆ ಅದು. 2008ರಲ್ಲಿ ಅದು ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿಯ ಮೇಲೆ ದಾವೆ ಹೂಡಿತು. ಇವರ ಜಾಹೀರಾತುಗಳು ಥೇಟ್ ನನ್ನ ಸುಳ್ಳು ಪುಟದ ಹಾಗೆ ಪರೀಕ್ಷೆಯ ನಾಟಕವಾಡಿ, ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರಿನ ‘ಪರಿಹಾರ’ಗಳನ್ನು ಸುಮಾರು 40 ಡಾಲರ್ ಅಥವಾ ಅದಕ್ಕೂ ಹೆಚ್ಚಿಗೆ ಮಾರುತ್ತಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೊಂಡಿದ್ದರೆಂದು ಆಯೋಗ ಹೇಳಿತು. 2012ರಲ್ಲಿ ನ್ಯಾಯಾಲಯ 16.3 ಕೋಟಿ ಡಾಲರ್ ತೆರಬೇಕೆಂದು ತೀರ್ಪು ಕೊಟ್ಟಿತು.

ಮಕ್ಕಳಿಗೆ ಹೆಚ್ಚು ಇಷ್ಟವಾದದ್ದು ಎರಡನೆಯದು. ಆಫೀಸ್ ಡಿಪೋ ಎಂಬ ದೊಡ್ಡ ಅಂಗಡಿಗೆ ಕಂಪ್ಯೂಟರ್ ತಂದವರಿಗೆ ಉಚಿತ ತಪಾಸಣೆ ಇತ್ತು. ತಪಾಸಣೆಗೆ ಮೊದಲು ನಾಲ್ಕು ಪ್ರಶ್ನೆಗಳು: ಕಂಪ್ಯೂಟರ್ ನಿಧಾನವಾಗಿದೆಯೇ, ಆಗಾಗ ನಿಂತುಹೋಗುತ್ತದೆಯೇ, ವೈರಸ್ ಎಚ್ಚರಿಕೆ ಬರುತ್ತಿದೆಯೇ, ತಾನಾಗಿ ಜಾಹೀರಾತುಗಳು ತೆರೆದುಕೊಳ್ಳುತ್ತವೆಯೇ. ಇವುಗಳಲ್ಲಿ ಒಂದಕ್ಕೆ ಟಿಕ್ ಹಾಕಿದರೂ ಸಾಕು, ಯಂತ್ರದಲ್ಲಿ ಏನೇ ಇರಲಿ, ಫಲಿತಾಂಶ ‘ದೋಷದ ಲಕ್ಷಣಗಳಿವೆ’ ಎಂದೇ ಬರುತ್ತಿತ್ತು ಎಂಬುದು ಆಯೋಗದ ಆರೋಪ. 2019ರಲ್ಲಿ ಆ ಅಂಗಡಿಯೂ ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ಕೊಡಲು ಒಪ್ಪಿದವು. ‘ಅಂದ್ರೆ ಟಿಕ್ಕೇ 17 ಮಿಸ್’ ಎಂದ ಒಬ್ಬ. ಅಂದಿನಿಂದ ಆ ತರಗತಿಯಲ್ಲಿ ‘17’ ಎಂಬುದು ಒಂದು ಬೈಗುಳವಾಗಿದೆ. ಉತ್ತರ ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡಿದವನಂತೆ ನಟಿಸುವವನಿಗೆ ‘17 ಹಾಕ್ಬೇಡ’ ಎನ್ನುತ್ತಾರೆ. ಗಣಿತದ ಅವಧಿಯಲ್ಲಿ ನನಗೂ ಉಪಯೋಗವಾಗಿದೆ.

ಮೂರನೆಯದನ್ನು ಹೇಳುವಾಗ ಹಿಂಜರಿದೆ. ಅವಾಸ್ಟ್ ಹೆಸರುವಾಸಿಯಾದ, ನಿಜವಾಗಿಯೂ ಕೆಲಸ ಮಾಡುವ ಆಂಟಿವೈರಸ್. ಆದರೆ ಅದರ ಎಕ್ಸ್‌ಟೆನ್ಷನ್‌ಗಳು ಮತ್ತು ತಂತ್ರಾಂಶದ ಮೂಲಕ ಸಂಗ್ರಹವಾದ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆ ಮಾರುತ್ತಿತ್ತು. 2020ರಲ್ಲಿ ಸುದ್ದಿ ಹೊರಬಿದ್ದಾಗ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಕೊಡುವಂತೆ ಆಯೋಗ ಹೇಳಿತು. ಇದು ಜಾಹೀರಾತು ತಂತ್ರಾಂಶವಲ್ಲ, ನಕಲಿಯೂ ಅಲ್ಲ. ಹದಿನಾಲ್ಕು ವರ್ಷದ ಮಕ್ಕಳಿಗೆ ಇದನ್ನು ಹೇಳಿದರೆ ‘ಯಾರನ್ನೂ ನಂಬಬಾರದು’ ಎಂಬ ಮೊದಲ ಪಾಠದ ಹೆದರಿಕೆಗೇ ಮರಳುತ್ತಾರೇನೋ ಎನ್ನಿಸಿತ್ತು. ಮರಳಲಿಲ್ಲ, ಬದಲಿಗೆ ಒಬ್ಬಳು ಕೇಳಿದಳು: ‘ಮಿಸ್, ಹಂಗಾದ್ರೆ ಕಂಪ್ಯೂಟರಲ್ಲೇ ಇರೋ ವಿಂಡೋಸ್ ಡಿಫೆಂಡರ್ ಕೂಡ ಸುಳ್ಳು ಇರ್ಬೋದಲ್ವಾ? ಅದೂ ಎಚ್ಚರಿಕೆ ಕೊಡುತ್ತೆ.’ ಇದಕ್ಕೆ ಪಾಠಯೋಜನೆಯಲ್ಲಿ ಉತ್ತರ ಇರಲಿಲ್ಲ. ಯೋಚಿಸಿ ಹೇಳಿದೆ: ಎಚ್ಚರಿಕೆ ಬಂದ ಪುಟದಲ್ಲಿರುವ ಗುಂಡಿಯನ್ನು ಒತ್ತದೆ, ಅದನ್ನು ಮುಚ್ಚಿ, ಸ್ಟಾರ್ಟ್ ಮೆನುವಿನಿಂದ ನಾವಾಗಿ ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು ನೋಡೋಣ. ಎಚ್ಚರಿಕೆ ನಿಜವಾದರೆ ಅಲ್ಲಿಯೂ ಇರುತ್ತದೆ. ಬ್ಯಾಂಕಿನವನು ಎಂದು ಹೇಳಿಕೊಂಡು ಬಂದ ಫೋನನ್ನು ಇಟ್ಟು, ಪಾಸ್‌ಬುಕ್ಕಿನ ಮೇಲಿರುವ ನಂಬರಿಗೆ ನಾವೇ ಮಾಡುವ ಹಾಗೆ.

ಐದನೇ ಕಂಪ್ಯೂಟರ್

ವಿಸ್ತರಣೆಯ ಹಂತಕ್ಕೆಂದು ಪ್ರತಿ ಗುಂಪೂ ತನ್ನ ಕಂಪ್ಯೂಟರ್‌ನ ಎಕ್ಸ್‌ಟೆನ್ಷನ್ ಪಟ್ಟಿಯನ್ನು ತೆರೆದು ನೋಡಬೇಕಿತ್ತು. ಐದನೇ ಕಂಪ್ಯೂಟರ್‌ನಲ್ಲಿ ನಿಜವಾದದ್ದೇ ಒಂದು ಸಿಕ್ಕಿತು. ಗುರಾಣಿಯ ಚಿತ್ರ, ‘ವೆಬ್ ರಕ್ಷಣೆ’ ಎಂಬ ಅರ್ಥದ ಇಂಗ್ಲಿಷ್ ಹೆಸರು. ಉಳಿದವಕ್ಕೆ ಇದ್ದ ‘ತೆಗೆದುಹಾಕಿ’ ಗುಂಡಿ ಇದಕ್ಕಿರಲಿಲ್ಲ. ಮೆನುವಿನ ಕೆಳಗೆ ‘ನಿಮ್ಮ ಸಂಸ್ಥೆಯಿಂದ ನಿರ್ವಹಿಸಲಾಗುತ್ತಿದೆ’ ಎಂಬ ಸಾಲಿತ್ತು.

‘ಸಂಸ್ಥೆ ಅಂದ್ರೆ ನಮ್ಮ ಶಾಲೆ ಅಲ್ವಾ ಮಿಸ್?’ ಎಂದರು. ನ್ಯಾಯವಾದ ಮಾತು. ಕಚೇರಿ, ಕಾಲೇಜುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಬ್ರೌಸರ್‌ಗೆ ನಿಯಮಗಳನ್ನು ಹಾಕುವುದಕ್ಕೆಂದೇ ಆ ಸೌಲಭ್ಯ ಇರುವುದು. ಅದೇ ನಿಯಮವನ್ನು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಬರೆದು ಜಾಹೀರಾತು ತಂತ್ರಾಂಶವೂ ತನ್ನನ್ನು ತಾನೇ ಕಡ್ಡಾಯ ಮಾಡಿಕೊಳ್ಳುತ್ತದೆ. ಆ ಸಾಲನ್ನು ಓದಿದ ಮಾತ್ರಕ್ಕೆ ಯಾವುದು ಎಂದು ಗೊತ್ತಾಗುವುದಿಲ್ಲ, ಕೇಳಬೇಕು. ಇಬ್ಬರು ಮಕ್ಕಳು ಮುಖ್ಯಶಿಕ್ಷಕರ ಕೊಠಡಿಗೆ ಹೋಗಿ ‘ಸಾರ್, ನೀವು ಕಂಪ್ಯೂಟರ್‌ಗೆ ರೂಲ್ಸ್ ಹಾಕಿದ್ದೀರಾ?’ ಎಂದು ಕೇಳಿ ಬಂದರು. ಹಾಕಿರಲಿಲ್ಲ. ಬೆಲ್ಲಾಯಿತು.

ಶನಿವಾರ ಮುಖ್ಯಶಿಕ್ಷಕರ ಅನುಮತಿಯೊಂದಿಗೆ, ಕಂಪ್ಯೂಟರ್ ರಿಪೇರಿ ಮಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಗೆದೆ. ಮೊದಲು ಇನ್‌ಸ್ಟಾಲ್ ಆದ ಪ್ರೋಗ್ರಾಂಗಳ ಪಟ್ಟಿಯಿಂದ ಅದರ ಜತೆ ಬಂದದ್ದನ್ನು ತೆಗೆದು, ಆಮೇಲೆ ರಿಜಿಸ್ಟ್ರಿಯಲ್ಲಿದ್ದ ಆ ಕಡ್ಡಾಯದ ಸಾಲನ್ನು ಅಳಿಸಿದೆವು. ಎಕ್ಸ್‌ಟೆನ್ಷನ್‌ನನ್ನು ಮಾತ್ರ ತೆಗೆಯಲು ಹೋದವರಿಗೆ ಅದು ಮತ್ತೆ ಮತ್ತೆ ಬರುವುದು ಇದಕ್ಕೇ. ಅದು ಬಂದದ್ದು ಟೈಪಿಂಗ್ ಕಲಿಯುವ ಒಂದು ಉಚಿತ ಪ್ರೋಗ್ರಾಂ ಜತೆ. ಹಾಕಿದವರು ಯಾರೆಂದು ಯಾರೂ ಕೇಳಲಿಲ್ಲ. ನಾನು ಸೋಮವಾರ ನನ್ನ ಸೈಬರ್ ಸೆಂಟರ್ ಕಥೆಯನ್ನು ಮಕ್ಕಳಿಗೆ ಹೇಳಿದೆ. ಒಬ್ಬ ‘ಆ ಟಿಕ್ ತೆಗೀಬೋದಿತ್ತಲ್ಲ ಮಿಸ್’ ಎಂದ. ಹೌದು, ತೆಗೀಬೋದಿತ್ತು ಎಂದೆ.

ಎರಡನೇ ಮೌಲ್ಯಮಾಪನಕ್ಕೆ ಅದೇ ಸನ್ನಿವೇಶವನ್ನು ಕೊಟ್ಟೆ. ‘ತಕ್ಷಣ ಸೇರಿಸುತ್ತೇನೆ’ ಎಂದವರು ನಾಲ್ವರು. ಆದರೆ ಹನ್ನೊಂದು ಮಂದಿ ‘ಕಂಪ್ಯೂಟರ್ ಆಫ್ ಮಾಡುತ್ತೇನೆ’ ಎಂದಷ್ಟೇ ಬರೆದರು. ಇದನ್ನು ಕಲಿಕೆ ಎಂದು ಎಣಿಸಲು ನನಗೆ ಮನಸ್ಸಾಗಲಿಲ್ಲ. ಮೊದಲ ದಿನದ ಹೆದರಿಕೆ ಅವರಲ್ಲಿ ಉಳಿದಿದೆ, ಗುಂಡಿ ಬದಲಾಗಿದೆ ಅಷ್ಟೆ. ಲ್ಯಾಬಿನಲ್ಲಿ ಕೀಬೋರ್ಡ್ ಮುಟ್ಟದೆ ಗುಂಪಿನ ಹಿಂದೆ ನಿಂತಿದ್ದವರು ಬಹುಪಾಲು ಇವರೇ ಎಂಬುದನ್ನು ನನ್ನ ಪಾಠ ವೀಕ್ಷಿಸಿದ ಸಹಪಾಠಿ ಗುರುತಿಸಿದ್ದಳು. ಆರು ಕಂಪ್ಯೂಟರ್, 38 ಮಕ್ಕಳು. ಮುಂದಿನ ಸಲ ಎರಡು ತಂಡ ಮಾಡಿ ಎರಡು ದಿನ ಮಾಡಿಸಬೇಕು.

ಪೋಷಕರ ಸಭೆಯಲ್ಲಿ

‘ಬಾಗಿಲು ಹಾಕಿಸುತ್ತೇನೆ’ ಎಂದು ಬರೆದಿದ್ದ ಹುಡುಗಿ ಎರಡು ತಿಂಗಳಿನಿಂದ ತರಗತಿಯ ವಾಟ್ಸಾಪ್ ಗುಂಪಿನಲ್ಲಿರಲಿಲ್ಲ. ಮನೆಯ ಫೋನಿನಲ್ಲಿ ಹೊತ್ತುಗೊತ್ತಿಲ್ಲದೆ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂದು ಬರುತ್ತಿತ್ತು, ಜತೆಗೆ ಅಸಹ್ಯವಾದ ಚಿತ್ರಗಳು. ಇವಳೇ ಏನೋ ನೋಡಬಾರದ್ದನ್ನು ನೋಡಿದ್ದಾಳೆಂದು ಅವಳ ತಂದೆ ಫೋನು ಕೊಡುವುದನ್ನು ನಿಲ್ಲಿಸಿದ್ದರು. ಇದನ್ನು ಅವಳು ನನಗೆ ಹೇಳಿದ್ದು ಎರಡನೇ ಪಾಠ ಆದ ಮೇಲೆ, ಲ್ಯಾಬಿಗೆ ಬೀಗ ಹಾಕುವಾಗ.

ಪೋಷಕರ ಸಭೆಗೆ ಅವರು ಬಂದರು. ‘ಅಣ್ಣ, ಫೋನು ನಿಮ್ಮ ಕೈಯಲ್ಲೇ ಇರಲಿ, ನಾನು ಹೇಳಿದ ಕಡೆ ಒತ್ತಿ’ ಎಂದೆ. ಕ್ರೋಮ್, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಯಾವ ಯಾವ ತಾಣಕ್ಕೆ ‘ಅಲೋ’ ಎಂದು ಅನುಮತಿ ಕೊಡಲಾಗಿದೆಯೋ ಅವುಗಳ ಪಟ್ಟಿ ಅಲ್ಲಿರುತ್ತದೆ. ‘ನೀವು ರೋಬೋಟ್ ಅಲ್ಲವೆಂದು ತಿಳಿಸಲು ಅಲೋ ಒತ್ತಿ’ ಎಂದು ಕೆಲವು ತಾಣಗಳು ಮೋಸ ಮಾಡುತ್ತವೆ, ಒತ್ತಿದವರಿಗೆ ಆಮೇಲೆ ಈ ಎಚ್ಚರಿಕೆಗಳು ಬರುತ್ತವೆ, ಫೋನಿನಲ್ಲಿ ವೈರಸ್ ಇರಬೇಕೆಂದೇನಿಲ್ಲ, ಯಾರು ಬೇಕಾದರೂ ಒತ್ತಿರಬಹುದು ಎಂದು ವಿವರಿಸಿದೆ. ಪಟ್ಟಿಯಲ್ಲಿ ಮೂರು ತಾಣಗಳಿದ್ದವು. ಒಂದು ಹಳೆಯ ಪ್ರಶ್ನೆಪತ್ರಿಕೆಗಳದ್ದು. ಇನ್ನೆರಡು ಸಿನಿಮಾ ಹಾಡು ಇಳಿಸಿಕೊಳ್ಳುವವು.

ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಮೂರನ್ನೂ ತಾವೇ ತೆಗೆದು, ಫೋನನ್ನು ಜೇಬಿಗೆ ಹಾಕಿಕೊಂಡು, ‘ಗಣಿತದಲ್ಲಿ ಹೆಂಗವ್ಳೆ ಮೇಡಂ?’ ಎಂದು ಕೇಳಿದರು. ಬೀಜಗಣಿತ ಚೆನ್ನಾಗಿ ಮಾಡುತ್ತಾಳೆ, ರೇಖಾಗಣಿತಕ್ಕೆ ಇನ್ನೂ ಅಭ್ಯಾಸ ಬೇಕು ಎಂದೆ. ನನ್ನ ಇಂಟರ್ನ್‌ಶಿಪ್ ಮುಗಿಯಲು ನಾಲ್ಕು ದಿನ ಇರುವಾಗ ತರಗತಿಯ ಗುಂಪಿಗೆ ಆ ಮನೆಯ ನಂಬರಿನಿಂದ ಒಂದು ಫೋಟೊ ಬಂತು, ತ್ರಿಭುಜದ ಪ್ರಮೇಯದ ಮನೆಗೆಲಸ. ಎರಡನೇ ಹಂತದಲ್ಲಿ ಕಾರಣ ಬರೆದಿರಲಿಲ್ಲ. ಬರೆದು ಕಳಿಸು ಎಂದು ಉತ್ತರಿಸಿದೆ.